ಕೊಠಡಿ ಸಂಖ್ಯೆ ಒಂಬತ್ತರ ಉಪವಾಸ

ನಮ್ಮ ಮನೆತನದಲ್ಲಿ ಹೊಕ್ಕಳಿಂದ ಕೆಳಗಿನ ವಿಷಯವನ್ನು ಬಾಯಿಬಿಟ್ಟು ಆಡಿದವರು ಯಾರೂ ಇಲ್ಲ. ನನ್ನ ತಾತ ಮೊಣಕಾಲು ನೋವನ್ನು ಕೂಡ "ಸ್ವಲ್ಪ ಕೆಳಗಡೆ ತೊಂದರೆ" ಎಂದೇ ಹೇಳುತ್ತಿದ್ದರಂತೆ. ವೈದ್ಯರು ಏನೇನೋ ಊಹಿಸಿಕೊಂಡು ಔಷಧಿ ಕೊಟ್ಟು, ಮೊಣಕಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ವಾಸಿಯಾಯಿತಂತೆ. ಇಂಥ ಮರ್ಯಾದಸ್ಥರ ರಕ್ತ ಮೈಯಲ್ಲಿ ಇಟ್ಟುಕೊಂಡು ನಾನು ಹತ್ತೊಂಬತ್ತು ವರ್ಷಗಳಿಂದ ಬಸ್ ನಿಲ್ದಾಣವೊಂದರ 'ಕಳೆದುಹೋದ ವಸ್ತುಗಳ ವಿಭಾಗ'ದಲ್ಲಿ ಗುಮಾಸ್ತನಾಗಿದ್ದೇನೆ. ಜನ ಬಸ್ಸಿನಲ್ಲಿ ಮರೆತು ಇಳಿಯುವ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಛತ್ರಿಗಳು. ಹಾಗಾಗಿ ನಿಲ್ದಾಣದಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಛತ್ರಿ ಸಾಹೇಬರು ಎಂದು.

ನನ್ನ ವಿಭಾಗದ ಪಕ್ಕದಲ್ಲೇ ನೌಕರರ ಶೌಚಾಲಯ. ಆರು ವರ್ಷದ ಹಿಂದೆ ಅದರ ಬಾಗಿಲನ್ನು ಗೆದ್ದಲು ತಿಂದು ಮುಗಿಸಿತು. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ಹೋಗಬೇಕಾದವರು ನನ್ನ ಮೇಜಿನ ಹತ್ತಿರ ಬಂದು, ಮಾತಾಡದೆ, ಒಂದು ದೊಡ್ಡ ಕಪ್ಪು ಛತ್ರಿಯನ್ನು ಎತ್ತಿಕೊಂಡು ಹೋಗುತ್ತಾರೆ. ಒಳಗೆ ಕುಳಿತು ಅದನ್ನು ಬಿಚ್ಚಿ ಬಾಗಿಲಿನ ಜಾಗಕ್ಕೆ ಅಡ್ಡ ಹಿಡಿಯುತ್ತಾರೆ. ಎದುರಿನಿಂದ ಬಸ್ಸು ಜೋರಾಗಿ ಹೊರಟರೆ ಗಾಳಿಗೆ ಛತ್ರಿ ಉಲ್ಟಾ ಆಗುವ ಅಪಾಯವಿದ್ದುದರಿಂದ ಅನುಭವಸ್ಥರು ಮೊದಲು ವೇಳಾಪಟ್ಟಿ ನೋಡಿಕೊಂಡು ಹೋಗುತ್ತಿದ್ದರು. ಹೆಂಗಸರು ಈ ಸಾಹಸಕ್ಕೆ ಇಳಿಯದೆ ನಿಲ್ದಾಣದ ಆ ತುದಿಗೆ ನಡೆದು ಹೋಗುತ್ತಿದ್ದರು.

ಬಾಗಿಲು ಹಾಕಿಸಿ ಎಂದು ನಾನು ಆರು ವರ್ಷದಲ್ಲಿ ಇಪ್ಪತ್ತಮೂರು ಅರ್ಜಿ ಬರೆದಿದ್ದೆ. ಆದರೆ ಶೌಚಾಲಯ ಎಂಬ ಪದವನ್ನು ಬರೆಯಲು ನನ್ನ ಪೆನ್ನು ಒಪ್ಪಲಿಲ್ಲ. ಗೋಡೆಯ ಮೇಲೆ ಹಳೆಯ ಕಾಲದ ಒಂದು '೯' ಮಾಸಿಹೋಗಿ ಕಾಣುತ್ತಿತ್ತು. ಹಾಗಾಗಿ "ಕೊಠಡಿ ಸಂಖ್ಯೆ ಒಂಬತ್ತಕ್ಕೆ ಬಾಗಿಲು ಒದಗಿಸುವ ಬಗ್ಗೆ" ಎಂದು ಬರೆಯುತ್ತಿದ್ದೆ. ಒಮ್ಮೆ ಮ್ಯಾನೇಜರರ ಕಚೇರಿಯಿಂದ ಉತ್ತರ ಬಂತು: "ಸದರಿ ಕೊಠಡಿಯಲ್ಲಿ ಯಾವ ಬಗೆಯ ಕಡತಗಳನ್ನು ಇಡಲಾಗಿದೆ, ಸ್ಪಷ್ಟಪಡಿಸುವುದು." ನಾನು ಬಹಳ ಯೋಚಿಸಿ "ತಾತ್ಕಾಲಿಕ ಸ್ವರೂಪದವು" ಎಂದು ಬರೆದು ಕಳಿಸಿದೆ. ಆಮೇಲೆ ಅಲ್ಲಿಂದ ಸದ್ದಿಲ್ಲ.

ಇರಲಿ. ಈಗ ಅಕ್ಕನ ವಿಷಯ ಹೇಳಬೇಕು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳೂ ನಮ್ಮ ಮನೆತನದವಳೇ ಅಲ್ಲವೇ? ಎಂಟು ತಿಂಗಳು ಮಲದಲ್ಲಿ ರಕ್ತ ಹೋಗುತ್ತಿದ್ದರೂ ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿ ಇರಬಹುದು ಎಂದು ತಾನೇ ತೀರ್ಮಾನಿಸಿ ಮುಲಾಮು ಹಚ್ಚಿಕೊಂಡು ಕುಳಿತಳು. ಕಡೆಗೆ ನಡೆಯಲಾರದೆ ಆಸ್ಪತ್ರೆಗೆ ಹೋದಾಗ ದೊಡ್ಡ ಕರುಳಿನ ಕ್ಯಾನ್ಸರ್, ಅದೂ ಈಗಾಗಲೇ ಯಕೃತ್ತಿಗೆ ಹರಡಿದೆ ಎಂದರು. ಚಿಕಿತ್ಸೆ ನಡೆಯುತ್ತಿದೆ. ಊರಿಗೆಲ್ಲ ಅವಳಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದ್ದೇವೆ. ಅಕ್ಕನ ಡಾಕ್ಟರು ನನ್ನ ಕಡೆ ತಿರುಗಿ, "ಒಡಹುಟ್ಟಿದವರಿಗೆ ಬಂದಿದೆ ಅಂದ್ಮೇಲೆ ನೀವು ನಲವತ್ತಕ್ಕೇ ಪರೀಕ್ಷೆ ಮಾಡಿಸ್ಬೇಕಿತ್ತು. ಈಗ ನಲವತ್ತೆಂಟು. ಇನ್ಯಾವಾಗ?" ಎಂದರು. ನಾನು ಎರಡು ಸಲ ದಿನ ಗೊತ್ತು ಮಾಡಿಕೊಂಡು ಎರಡು ಸಲವೂ ತಪ್ಪಿಸಿಕೊಂಡೆ. ಒಂದು ಸಲ ನೆಗಡಿ, ಇನ್ನೊಂದು ಸಲ ನೆಗಡಿ ಬರುವ ಲಕ್ಷಣ. ಅದು ಗೊತ್ತಾದ ದಿನ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. "ಪರೀಕ್ಷೆ ಮಾಡಿಸ್ಕೊಂಡು ಬಂದ್ಮೇಲೆ ನಂಗೆ ಮುಖ ತೋರ್ಸು" ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಮೂರನೇ ಸಲ ದಿನ ಗೊತ್ತಾಯಿತು. ಆಸ್ಪತ್ರೆಯ ನರ್ಸಮ್ಮನಿಗೆ ದೇವರು ಒಳ್ಳೆಯ ಮನಸ್ಸಿನ ಜೊತೆಗೆ ಬಸ್ ನಿಲ್ದಾಣಕ್ಕೆ ತಕ್ಕ ಗಂಟಲನ್ನೂ ಕೊಟ್ಟಿದ್ದ. ಮೂವತ್ತು ಜನ ಕುಳಿತಿದ್ದ ಹಜಾರದಲ್ಲಿ ಆಕೆ, "ಕರುಳು ಪೂರ್ತಿ ಖಾಲಿ ಆಗ್ಬೇಕು, ಗೊತ್ತಾಯ್ತಾ? ಹಿಂದಿನ ದಿನ ಏನೂ ತಿನ್ನೋ ಹಾಗಿಲ್ಲ. ನೀರು, ಎಳನೀರು, ಹಾಲಿಲ್ದೆ ಇರೋ ಟೀ, ಅಷ್ಟೇ. ಕೆಂಪು ಬಣ್ಣದ್ದು ಮುಟ್ಟಬೇಡಿ, ಒಳಗೆ ರಕ್ತದ ಹಾಗೆ ಕಾಣುತ್ತೆ. ಸಂಜೆ ನಾಲ್ಕಕ್ಕೆ ಈ ಪುಡಿ ಕಲಸಿದ ನೀರು ಒಂದು ಲೀಟರ್, ಬೆಳಗಿನ ಜಾವ ಇನ್ನೊಂದು ಲೀಟರ್. ಕುಡಿದ ಮೇಲೆ ಬಾತ್‌ರೂಮ್ ಬಿಟ್ಟು ದೂರ ಹೋಗ್ಬೇಡಿ!" ಎಂದು ಸಾರಿದರು. ಸರಿಯಾಗಿ ಖಾಲಿಯಾಗದಿದ್ದರೆ ವಾಪಸ್ ಕಳಿಸುತ್ತಾರಂತೆ. ಮುಂದಿನ ಸರದಿ ನಾಲ್ಕು ತಿಂಗಳ ಮೇಲೆ. ನಾನು ತಲೆ ತಗ್ಗಿಸಿ ಹೊರಬಂದು, ನಮ್ಮವಳ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ಪ್ರಾಣ ಹೋದರೂ ಈ ವಿಷಯ ಯಾರಿಗೂ ಹೇಳಕೂಡದು.

ಪರೀಕ್ಷೆಗೆ ಮೂರು ದಿನ ಮುಂಚಿನಿಂದಲೇ ಸಪ್ಪೆ ಊಟ. ಸಪ್ಪೆ ಊಟ ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ. ಆ ಸಿಟ್ಟಿನಲ್ಲಿ ನಾನು ಬಾಗಿಲಿನ ಬಗ್ಗೆ ಇಪ್ಪತ್ತನಾಲ್ಕನೇ ಅರ್ಜಿ ಬರೆದು, ಮಾದರಿ ಪತ್ರಗಳ ಪುಸ್ತಕದಿಂದ ಒಂದು ಸಾಲು ಎತ್ತಿ ಕೊನೆಗೆ ಸೇರಿಸಿದೆ: "ಇನ್ನು ಸಹಿಸಲು ಸಾಧ್ಯವಿಲ್ಲ. ಮುಂದಿನ ಪರಿಣಾಮಗಳಿಗೆ ಆಡಳಿತವೇ ಹೊಣೆ." ಹಾಗೆಯೇ ಪರೀಕ್ಷೆಯ ದಿನಕ್ಕೆ ಒಂದು ರಜೆ ಚೀಟಿ ಕೊಟ್ಟೆ. ಕಾರಣ ಎಂಬಲ್ಲಿ 'ವೈಯಕ್ತಿಕ' ಎಂದು ಬರೆದೆ. ಎರಡೂ ಕಾಗದ ಒಂದೇ ದಿನ ಮ್ಯಾನೇಜರರ ಮೇಜು ಸೇರಿದವು.

ಉಪವಾಸದ ದಿನ ಬೆಳಿಗ್ಗೆ ಹತ್ತೂವರೆಗೆ ಚಹಾದವನು ಬಂದ. ಹತ್ತೊಂಬತ್ತು ವರ್ಷದಲ್ಲಿ ನಾನು ಅವನ ಚಹಾ ಬೇಡ ಎಂದದ್ದೇ ಇಲ್ಲ.

"ಇವತ್ತು ಬೇಡಪ್ಪ."

ಅವನು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. "ಹಾಲು ಕೆಟ್ಟಿದೆ ಅಂತ ಯಾರಾದ್ರೂ ಚಾಡಿ ಹೇಳಿದ್ರಾ ಸಾಹೇಬ್ರೆ?"

"ಅಯ್ಯೋ ಇಲ್ಲಪ್ಪ. ಇವತ್ತು ಏನೂ ತಿನ್ನಲ್ಲ. ಬರೀ ನೀರು."

"ಯಾಕೆ?"

"ಅದನ್ನ ಹೇಳೋ ಹಾಗಿಲ್ಲ."

"ಎಲ್ಲಿವರೆಗೆ?"

"ಆಗಬೇಕಾದ್ದು ಆಗೋವರೆಗೆ."

ಚಹಾದವನ ಕಣ್ಣು ಅಗಲವಾಯಿತು. ಬಾಗಿಲಿಲ್ಲದ ಶೌಚಾಲಯವನ್ನು ಒಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಕೈಯಲ್ಲಿದ್ದ ಎಂಟು ಚಹಾಗಳನ್ನು ಅಲ್ಲೇ ಬಿಟ್ಟು ನೌಕರರ ಸಂಘದ ಕೋಣೆಯ ಕಡೆ ಓಡಿದ.

ನಮ್ಮ ಸಂಘದ ಕಾರ್ಯದರ್ಶಿಗೆ ಮೈಕು ಎಂದು ಅಡ್ಡಹೆಸರು. ಕಿವಿಯಲ್ಲಿ ಗುಟ್ಟು ಹೇಳಿದರೂ ಮೂರನೇ ಪ್ಲಾಟ್‌ಫಾರ್ಮಿಗೆ ಕೇಳಿಸುವಂಥ ದನಿ. ಮುಂದಿನ ತಿಂಗಳು ಸಂಘದ ಚುನಾವಣೆ. ಎರಡು ವರ್ಷದಿಂದ ಒಂದೇ ಒಂದು ಹೋರಾಟ ಸಿಗದೆ ಮನುಷ್ಯ ಒಣಗಿ ಹೋಗಿದ್ದ. ಹತ್ತೇ ನಿಮಿಷದಲ್ಲಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಒಬ್ಬರೇ ಕೂತ್ಬಿಟ್ರಾ ಛತ್ರಿ ಸಾಹೇಬ್ರೆ? ನಮಗೊಂದು ಮಾತು ಹೇಳಬಾರ್ದಿತ್ತಾ?"

"ನಾನು ಎಲ್ಲೂ ಕೂತಿಲ್ಲ. ದಿನಾ ಕೂರೋ ಕುರ್ಚಿಲೇ ಕೂತಿದೀನಿ."

"ಬಾಗಿಲಿಗಾಗಿ ಉಪವಾಸ ಮುಷ್ಕರ! ಎಂಥಾ ಗುಂಡಿಗೆ ನಿಮ್ಮದು!"

"ಮುಷ್ಕರ ಅಲ್ಲಪ್ಪಾ. ದಮ್ಮಯ್ಯ, ಹಾಗೆಲ್ಲ ಕೂಗಬೇಡ."

"ಹಾಗಾದ್ರೆ ಈ ಬಿಸ್ಕತ್ತು ತಿನ್ನಿ ನೋಡೋಣ." ಮೈಕು ಜೇಬಿನಿಂದ ಪೊಟ್ಟಣ ತೆಗೆದು ಒಂದು ಬಿಸ್ಕತ್ತನ್ನು ನನ್ನ ಮೂಗಿನ ಹತ್ತಿರ ಹಿಡಿದ. ಎರಡು ದಿನದ ಸಪ್ಪೆ ಊಟದ ಮೇಲೆ ಆ ವಾಸನೆ ನನ್ನ ಮಿದುಳಿಗೇ ಹೋಯಿತು. ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಊರಿತು. ಆದರೆ ಅಕ್ಕನ ಬೆನ್ನು ನೆನಪಾಗಿ ಮುಖ ತಿರುಗಿಸಿದೆ.

"ನೋಡ್ರಪ್ಪಾ!" ಎಂದು ಮೈಕು ಸುತ್ತಲಿದ್ದವರಿಗೆ ಹೇಳಿದ. "ಕಣ್ಣಲ್ಲಿ ನೀರು ಬರ್ತಿದೆ, ಆದ್ರೂ ಬಾಯಿ ತೆಗೀತಿಲ್ಲ. ಮೇಲಿನವರು ಹೆದರಿಸಿದ್ದಾರೆ, ಅದಕ್ಕೇ ಮುಷ್ಕರ ಅಲ್ಲ ಅಂತಿದ್ದಾರೆ!"

ಹನ್ನೆರಡು ಗಂಟೆಯೊಳಗೆ ನನ್ನನ್ನು ಕುರ್ಚಿಯಿಂದ ಎತ್ತಿ, ಟಿಕೆಟ್ ಕೌಂಟರಿನ ಮುಂದೆ ಬಸ್ಸಿನ ಹಳೇ ಸೀಟೊಂದನ್ನು ಹಾಕಿ ಅದರ ಮೇಲೆ ಕೂರಿಸಿದರು. ಬೆನ್ನ ಹಿಂದೆ ಬಟ್ಟೆ ಕಟ್ಟಿ 'ಕೊಠಡಿ ಸಂಖ್ಯೆ ಒಂಬತ್ತಕ್ಕೆ ನ್ಯಾಯ ಸಿಗಲಿ' ಎಂದು ಬರೆದರು. ಬೇರೆ ಡಿಪೋಗಳಿಂದ ಬಂದ ಚಾಲಕರಿಗೆ ಆ ಕೊಠಡಿ ಏನು ಎಂದೇ ಗೊತ್ತಿರಲಿಲ್ಲ. ಆದರೂ ಹೊಟ್ಟೆ ತುಂಬ ಊಟ ಮಾಡಿ ಬಂದು ನನ್ನ ಹಸಿವಿಗೆ ಜೈಕಾರ ಹಾಕಿದರು. ಪ್ರಯಾಣಿಕರೊಬ್ಬರು ಕೊಠಡಿ ಒಂಬತ್ತು ಎಂದರೆ ಯಾರೋ ಬಡ ವಿದ್ಯಾರ್ಥಿಗಳು ಇರುವ ಜಾಗ ಎಂದು ತಿಳಿದು ಮೆಲ್ಲಗೆ ಕಣ್ಣೊರೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಎಣಿಸಿದವರ ಪ್ರಕಾರ ನೂರಿಪ್ಪತ್ತು ಜನ.

ನಿಜ ಹೇಳಿಬಿಟ್ಟರೆ ಎಲ್ಲವೂ ಮುಗಿಯುತ್ತಿತ್ತು, ನಿಜ. ಆದರೆ ನೂರಿಪ್ಪತ್ತು ಜನರ ಎದುರಿಗೆ, ನನ್ನ ದೇಹದ ಯಾವ ದಾರಿಯಿಂದ ಕ್ಯಾಮೆರಾ ಒಳಗೆ ಹೋಗಲಿದೆ ಎಂದು ಹೇಳುವುದು ಹೇಗೆ? ನನ್ನ ತಾತ ಮೊಣಕಾಲನ್ನೇ ಹೇಳಿರಲಿಲ್ಲ.

ಒಂದು ಗಂಟೆಗೆ ಮ್ಯಾನೇಜರ್ ಸಾಹೇಬರು ಬೆವರೊರೆಸಿಕೊಳ್ಳುತ್ತ ಕೆಳಗಿಳಿದು ಬಂದರು. ಮಾರನೆಯ ದಿನ ಹತ್ತು ಗಂಟೆಗೆ ಕೇಂದ್ರ ಕಚೇರಿಯಿಂದ ತಪಾಸಣೆಗೆ ಬರುವವರಿದ್ದರು. ಮ್ಯಾನೇಜರರ ಕೈಯಲ್ಲಿ ನನ್ನ ಇಪ್ಪತ್ತನಾಲ್ಕನೇ ಅರ್ಜಿ ಇತ್ತು.

"ಏನ್ರೀ ಇದು? ಪರಿಣಾಮಕ್ಕೆ ನಾನು ಹೊಣೆ ಅಂತ ಬರ್ದಿದೀರಿ. ಈಗಲೇ ನಿಲ್ಸಿ. ಊಟ ಮಾಡಿ."

"ಕ್ಷಮಿಸಿ ಸರ್. ನಾಳೆ ಬೆಳಗ್ಗೆ ಒಂಬತ್ತರವರೆಗೆ ನಾನು ಏನೂ ತಿನ್ನೋ ಹಾಗಿಲ್ಲ."

ಮ್ಯಾನೇಜರರ ಮುಖ ಬಿಳಿಚಿಕೊಂಡಿತು. "ಒಂಬತ್ತಕ್ಕೆ ಗಡುವು ಕೊಡ್ತಿದೀರಾ? ಒಂಬತ್ತಾದ ಮೇಲೆ ಏನಾಗುತ್ತೆ?"

"ಆಮೇಲೆ ಡಾಕ್ಟ್ರು ನೋಡ್ಕೋತಾರೆ ಸರ್. ನನಗೆ ಪ್ರಜ್ಞೆ ಇರಲ್ಲ."

ಮೈಕು ಆನಂದದಿಂದ ಅಳತೊಡಗಿದ. ಮ್ಯಾನೇಜರರು ನನ್ನ ರಜೆ ಚೀಟಿಯನ್ನು ಜೇಬಿನಿಂದ ತೆಗೆದು, 'ವೈಯಕ್ತಿಕ' ಎಂಬ ಪದವನ್ನು ಇನ್ನೊಮ್ಮೆ ಓದಿ, "ಅಷ್ಟೊಂದು ವೈಯಕ್ತಿಕವಾಗಿ ತಗೋಬೇಡ್ರೀ!" ಎಂದು ಕೈಮುಗಿದರು. ನಂತರ ಒಂಬತ್ತನೇ ಕೊಠಡಿಯನ್ನು ಖುದ್ದಾಗಿ ನೋಡುತ್ತೇನೆ ಎಂದು ಇಬ್ಬರು ಸಹಾಯಕರೊಂದಿಗೆ ಹೊರಟರು. ಮೇಲಿನ ಮಹಡಿಯ ಎಂಟು ಕೋಣೆಗಳನ್ನು ಎಣಿಸಿ, ಅಲ್ಲಿ ಕಾಣದೆ, ನೆಲಮಹಡಿಗೆ ಬಂದು, ಬಿಚ್ಚಿದ ಛತ್ರಿಯೊಂದರ ಮುಂದೆ ನಿಂತು, "ಯಾರ್ರೀ ಅದು ಒಳಗೆ, ಇದು ಯಾವ ಕೊಠಡಿ?" ಎಂದು ಗದರಿದರು. ಛತ್ರಿಯ ಹಿಂದಿನಿಂದ ಉಗ್ರಾಣದವನು "ಒಂಬತ್ತು ಸರ್. ಇನ್ನೆರಡು ನಿಮಿಷ" ಎಂದ. ತಾತ್ಕಾಲಿಕ ಸ್ವರೂಪದ ಕಡತಗಳು ಯಾವುವು ಎಂದು ಮ್ಯಾನೇಜರರಿಗೆ ಆಗ ಹೊಳೆಯಿತು. ಅವರು ಸ್ವಲ್ಪ ಹೊತ್ತು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರಂತೆ.

ಸಂಜೆಯೊಳಗೆ ಬಾಗಿಲು ಬೇಕು ಎಂದು ಅಪ್ಪಣೆಯಾಯಿತು. ಸಂಜೆಯೊಳಗೆ ಬಾಗಿಲು ಎಲ್ಲಿಂದ ತರುವುದು? ಬಸ್ಸು ರಿಪೇರಿ ಶೆಡ್ಡಿನ ಬಡಗಿ ಗುಜರಿ ಬಸ್ಸೊಂದರ ಹಿಂದಿನ ಬಾಗಿಲನ್ನು ಕಿತ್ತು ತಂದ. ಅದರ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ 'ತುರ್ತು ನಿರ್ಗಮನ ದ್ವಾರ' ಎಂದಿತ್ತು. ಅಳಿಸಲು ಸಮಯವಿಲ್ಲ ಎಂದು ಹಾಗೆಯೇ ಕೂರಿಸತೊಡಗಿದ.

ಇತ್ತ ಮೂರೂವರೆಗೆ ಮನೆಗೆ ಹೊರಡಬೇಕಿದ್ದ ನಾನು ಎದ್ದು ನಿಂತರೆ ನಾಲ್ಕು ಜನ ಪ್ರೀತಿಯಿಂದ ಒತ್ತಿ ಕೂರಿಸುತ್ತಿದ್ದರು. "ಶಕ್ತಿ ಕಳ್ಕೋಬೇಡಿ ಸಾಹೇಬ್ರೆ, ನಾವಿದೀವಿ." ನಾಲ್ಕಕ್ಕೆ ಸರಿಯಾಗಿ ನಮ್ಮವಳು ಗುಂಪನ್ನು ಸೀಳಿಕೊಂಡು ಬಂದಳು. ಔಷಧಿಯನ್ನು ಇಲ್ಲಿಗೇ ತಾ ಎಂದು ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ಘೋಷಣೆಗಳ ಗದ್ದಲದಲ್ಲಿ ಮುಳುಗಿಹೋಗಿತ್ತು. ಆದರೂ ಕೈಯಲ್ಲಿ ಪುಡಿ ಕಲಸಿದ ನೀರಿನ ಬಾಟಲಿಯೂ ಲೋಟವೂ ಇದ್ದವು.

"ಇದೇನ್ರೀ ನಿಮ್ಮ ಅವತಾರ!" ಎಂದಳು, ನನ್ನ ಬೆನ್ನ ಹಿಂದೆ ಕಟ್ಟಿದ್ದ ಬಟ್ಟೆಯ ಬರಹ ಓದಿಕೊಂಡು. "ನಾನು ಹೇಳಿಬಿಡ್ತೀನಿ ಇವರಿಗೆಲ್ಲ."

"ಆಣೆ ಹಾಕಿದೀಯ" ಎಂದು ನಾನು ಪಿಸುಗುಟ್ಟಿದೆ.

"ಹಾಳಾದ ಆಣೆ. ಸರಿ, ನಾಲ್ಕಾಯ್ತು, ಕುಡೀರಿ. ಗುಟುಕು ಗುಟುಕಾಗಿ ಅಲ್ಲ, ಗಟಗಟ ಅಂತ."

ಸಮುದ್ರದ ನೀರಿಗೆ ನಿಂಬೆಹಣ್ಣಿನ ನೆನಪನ್ನು ಸೇರಿಸಿದಂತಿತ್ತು ಆ ದ್ರವ. ನೂರಿಪ್ಪತ್ತು ಜನ ನೋಡುತ್ತಿದ್ದಂತೆ, ಮುಖ ಹಿಂಡಿಕೊಳ್ಳುತ್ತ, ಲೋಟದ ಮೇಲೆ ಲೋಟ ಇಳಿಸಿದೆ. "ಬರೀ ಉಪ್ಪುನೀರು! ಧರ್ಮಪತ್ನಿಯೇ ತಂದುಕೊಟ್ಟ ಉಪ್ಪುನೀರು!" ಎಂದು ಮೈಕು ವಿವರಣೆ ಕೊಟ್ಟ. ಚಪ್ಪಾಳೆ ಬಿತ್ತು. ನಮ್ಮವಳು ಬಗ್ಗಿ ನನ್ನ ಕಿವಿಯಲ್ಲಿ, "ಒಂದು ಗಂಟೆಯೊಳಗೆ ಶುರುವಾಗುತ್ತಂತೆ. ಹೊರಡೋ ದಾರಿ ನೋಡಿ" ಎಂದಳು. ದಾರಿ ಎಲ್ಲಿತ್ತು? ಸುತ್ತಲೂ ಅಭಿಮಾನಿಗಳು.

ಐದಕ್ಕೆ ಐದು ನಿಮಿಷವಿತ್ತು. ಬಾಗಿಲು ಸಿದ್ಧವಾಯಿತು ಎಂದು ಸುದ್ದಿ ಬಂತು. ಮ್ಯಾನೇಜರರು ಈ ಸಂದರ್ಭವನ್ನು ಸುಮ್ಮನೆ ಬಿಡುವವರಲ್ಲ. ಬಾಗಿಲಿಗೆ ಅಡ್ಡಲಾಗಿ ಟೇಪು ಕಟ್ಟಿಸಿ, ಕತ್ತರಿ ತರಿಸಿ, ಒಂದು ದೊಡ್ಡ ಗಾಜಿನ ಲೋಟದಲ್ಲಿ ದಾಳಿಂಬೆ ರಸ ಹಿಡಿದು ನಿಂತರು. ನನ್ನನ್ನು ಅಲ್ಲಿಗೆ ನಡೆಸಿಕೊಂಡು ಹೋದರು. ಮ್ಯಾನೇಜರರು ಭಾಷಣ ಶುರುಮಾಡಿದರು. "ಆಡಳಿತ ಮತ್ತು ನೌಕರ ಬೇರೆಯಲ್ಲ. ಆಡಳಿತಕ್ಕೂ ಹೊಟ್ಟೆ ಇದೆ, ನೌಕರನಿಗೂ ಹೊಟ್ಟೆ ಇದೆ..."

ನನ್ನ ಹೊಟ್ಟೆ ಆ ಕ್ಷಣವೇ ಉತ್ತರ ಕೊಟ್ಟಿತು. ಮೊದಲು ದೂರದಲ್ಲೆಲ್ಲೋ ಬಸ್ಸು ಚಾಲೂ ಆದ ಸದ್ದು. ಆಮೇಲೆ ಅದು ನನ್ನ ಕಡೆಗೇ ಬರುತ್ತಿರುವ ಸದ್ದು.

"ಈ ರಸ ಸ್ವೀಕರಿಸಿ ಉಪವಾಸ ಬಿಡಿ."

"ಕೆಂಪು ಸರ್. ಆಗಲ್ಲ ಸರ್."

"ಬಣ್ಣಕ್ಕೂ ತಕರಾರಾ?"

"ಸರ್, ದಾರಿ ಬಿಡಿ ಸರ್."

"ಇನ್ನೆರಡೇ ಮಾತು, ಕೇಳಿ..."

ನಾನು ಕೇಳಲಿಲ್ಲ. ನೂರಿಪ್ಪತ್ತು ಜನರ ಸಮ್ಮುಖದಲ್ಲಿ, ಮರ್ಯಾದಸ್ಥ ಮನೆತನದ ಕುಡಿಯಾದ ನಾನು, ಮ್ಯಾನೇಜರರನ್ನು ಭುಜದಿಂದ ಸರಿಸಿ, ಟೇಪನ್ನು ಎದೆಯಿಂದ ಹರಿದು, ತುರ್ತು ನಿರ್ಗಮನ ದ್ವಾರವನ್ನು ತೆರೆದು ಒಳಗೆ ನುಗ್ಗಿ ಚಿಲಕ ಹಾಕಿಕೊಂಡೆ. ಹೊರಗೆ ದಾಳಿಂಬೆ ರಸ ಯಾರದೋ ಬಿಳಿ ಅಂಗಿಯ ಮೇಲೆ ಬಿದ್ದ ಸದ್ದು ಕೇಳಿಸಿತು. ಉದ್ಘಾಟನೆ ಆಯಿತೆಂದು ಕೆಲವರು ಚಪ್ಪಾಳೆ ತಟ್ಟಿದರು.

ಮುಂದಿನ ಐದು ನಿಮಿಷದ ವಿವರ ಬೇಡ. ಬಾಗಿಲು ಗಟ್ಟಿಯಾಗಿತ್ತು, ಬಡಗಿಯ ಕೆಲಸ ಚೆನ್ನಾಗಿತ್ತು, ಅಷ್ಟು ಹೇಳಿದರೆ ಸಾಕು.

ಹೊರಗೆ ಚಪ್ಪಾಳೆ ನಿಂತು ಗುಸುಗುಸು ಎದ್ದಿತು. "ಇದು ಬರೀ ಹಸಿವಲ್ಲ" ಎಂದು ಯಾರೋ ಅಂದರು. "ಆ ಬಾಟಲೀಲಿ ಏನಿತ್ತು?" ಎಂದು ಇನ್ಯಾರೋ ಕೇಳಿದರು. ಮೈಕಿನ ದನಿ ಗುಡುಗಿತು: "ಪಿತೂರಿ! ನಮ್ಮ ನಾಯಕರಿಗೆ ಏನೋ ಬೆರೆಸಿ ಕುಡಿಸಿದ್ದಾರೆ! ಅಮ್ಮಾ, ಆ ಬಾಟಲಿ ನಿಮಗೆ ಯಾರು ಕೊಟ್ಟದ್ದು?"

"ಹೇಳೋ ಹಾಗಿಲ್ಲ, ಆಣೆ ಹಾಕಿದೀನಿ" ಎಂದಳು ನಮ್ಮವಳು. ಇದು ಪರಿಸ್ಥಿತಿಯನ್ನು ತಿಳಿಗೊಳಿಸುವ ಉತ್ತರ ಆಗಿರಲಿಲ್ಲ.

"ಆಣೆ ಹಾಕಿಸಿದ್ದು ಯಾರು? ಮ್ಯಾನೇಜರಾ?"

"ನಾನ್ಯಾಕ್ರೀ ಹಾಕಿಸ್ಲಿ!" ಎಂದು ಮ್ಯಾನೇಜರರು ಕಿರುಚಿದರು. "ಪೊಲೀಸರನ್ನ ಕರೀರಿ. ಆ ಬಾಟಲೀನ ಈಯಮ್ಮನ ಕೈಯಿಂದ ಕಿತ್ಕೊಳ್ಳಿ."

"ಮುಟ್ಟಿ ನೋಡಿ! ನಾಳೆ ಬೆಳಿಗ್ಗೆದೂ ಕುಡಿಸ್ಬೇಕು ಅವರಿಗೆ!" ಎಂದಳು ನಮ್ಮವಳು. ನೂರಿಪ್ಪತ್ತು ಜನ ಒಟ್ಟಿಗೆ ಹಾ ಎಂದರು.

ಹೆಂಡತಿಯನ್ನು ಪೊಲೀಸರ ಕೈಗೆ ಕೊಡುವಷ್ಟು ಮರ್ಯಾದೆ ನನಗೆ ಬೇಕಿರಲಿಲ್ಲ. ಮುಖ ಕಾಣದಂತೆ ನಡುವೆ ಒಂದು ಬಾಗಿಲಿದ್ದರೆ ಬಾಯಿ ಎಷ್ಟು ಸಲೀಸಾಗಿ ತೆರೆದುಕೊಳ್ಳುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

"ಅದು ಭೇದಿ ಔಷಧಿ ಕಣ್ರೋ!" ಎಂದು ಒಳಗಿನಿಂದ ಕೂಗಿದೆ. "ನಾನೇ ತರಿಸಿದ್ದು. ನಾಳೆ ನಂಗೆ ದೊಡ್ಡ ಕರುಳಿನ ಪರೀಕ್ಷೆ ಇದೆ. ಹಿಂದಿನಿಂದ ಕ್ಯಾಮೆರಾ ಹಾಕಿ ನೋಡ್ತಾರೆ. ಹಿಂದಿನಿಂದ ಅಂದ್ರೆ ಹಿಂದಿನಿಂದಲೇ! ಕ್ಯಾನ್ಸರ್ ಇದೆಯೋ ಇಲ್ವೋ ಅಂತ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಮುಷ್ಕರನೂ ಇಲ್ಲ, ಮಣ್ಣೂ ಇಲ್ಲ!"

ಹೊರಗೆ ಪಿನ್ನು ಬಿದ್ದರೂ ಕೇಳಿಸುವಂತಿತ್ತು. ಒಳಗೆ ಅಷ್ಟು ನಿಶ್ಶಬ್ದ ಸಾಧ್ಯವಿರಲಿಲ್ಲ. ಮತ್ತೆ ಹೇಳಿದೆ.

"ನಮ್ಮಕ್ಕಂಗೆ ಇರೋದು ಗ್ಯಾಸ್ಟ್ರಿಕ್ ಅಲ್ಲ. ಅದೇ ಕ್ಯಾನ್ಸರ್. ಎಂಟು ತಿಂಗಳು ರಕ್ತ ಹೋಗ್ತಿದ್ರೂ ಹೇಳೋಕೆ ನಾಚ್ಕೊಂಡ್ಲು. ಮುಂಚೇನೇ ನೋಡಿದ್ರೆ ಒಂದು ಸಣ್ಣ ಗಂಟು, ಅಲ್ಲೇ ಕತ್ತರಿಸಿ ತೆಗೆದು ಮನೆಗೆ ಕಳಿಸ್ತಿದ್ವಿ ಅಂದ್ರು ಡಾಕ್ಟ್ರು. ಈಗ ಯಕೃತ್ತಿಗೆ ಹೋಗಿದೆ. ನಾನು ಎರಡು ಸಲ ಹೆದರಿ ತಪ್ಪಿಸ್ಕೊಂಡೆ. ಈ ಸಲನೂ ತಪ್ಪಿದ್ರೆ ಅಕ್ಕ ನನ್ನ ಮುಖ ನೋಡಲ್ಲ. ನನ್ನ ಪಾಡಿಗೆ ಖಾಲಿ ಆಗೋಕೆ ಬಿಡ್ರಪ್ಪಾ ನನ್ನ!"

ಎಲ್ಲರೂ ಹೊರಟುಹೋದರೇನೋ ಎಂದುಕೊಂಡೆ. ಆಗ ಬಾಗಿಲಿನ ಹತ್ತಿರವೇ ಮ್ಯಾನೇಜರರ ದನಿ ಬಂತು, ಭಾಷಣದ ದನಿಯಲ್ಲ.

"ರೀ... ಅದು ನೋವಾಗುತ್ತಾ?"

"ನಿದ್ದೆ ಬರೋ ಹಾಗೆ ಮಾಡ್ತಾರಂತೆ ಸರ್."

"ನಂಗೆ ಐವತ್ತಾರು. ಯಾವ ತೊಂದರೆಯೂ ಇಲ್ಲ. ನಾನೂ ಮಾಡಿಸ್ಬೇಕಾ?"

"ನಲವತ್ತೈದು ದಾಟಿದವರೆಲ್ಲ ಮಾಡಿಸ್ಬೇಕಂತೆ ಸರ್. ತೊಂದರೆ ಇಲ್ದೋರು, ಮನೇಲಿ ಯಾರಿಗೂ ಬಂದಿಲ್ದೋರು, ಮೊದಲು ಮಲದ ಪರೀಕ್ಷೆ ಮಾಡಿಸಿದ್ರೂ ನಡೆಯುತ್ತಂತೆ. ಡಬ್ಬಿ ಕೊಡ್ತಾರೆ, ಮನೇಲೇ ಹಿಡಿದು ಕೊಡೋದು. ಅದರಲ್ಲಿ ಏನಾದ್ರೂ ಕಂಡ್ರೆ ಆಮೇಲೆ ಕ್ಯಾಮೆರಾ."

"ಆ ಆಸ್ಪತ್ರೆ ನಂಬರ್ ಹೇಳ್ರೀ. ಮೆಲ್ಲಗೆ ಹೇಳಿ."

ನಾನು ಮೆಲ್ಲಗೆ ಹೇಳಿದೆ. ಮೈಕು ಅದನ್ನು ತನ್ನ ಮೆಲು ದನಿಯಲ್ಲಿ ಪುನರುಚ್ಚರಿಸಿದ್ದರಿಂದ ಮೂರನೇ ಪ್ಲಾಟ್‌ಫಾರ್ಮಿನವರೂ ಬರೆದುಕೊಂಡರು. ಮುಂದಿನ ಒಂದು ಗಂಟೆ ನಾನು ಒಳಗೆ, ಜನ ಹೊರಗೆ. ಒಬ್ಬೊಬ್ಬರಾಗಿ ಬಾಗಿಲಿಗೆ ಕಿವಿಗೊಟ್ಟು ಕೇಳುವರು, ನಾನು ಬಿಡುವಾದಾಗ ಉತ್ತರ ಕೊಡುವೆ. ಬೇಡಿಕೆಗಳ ಪಟ್ಟಿಯ ಹಿಂಬದಿಯಲ್ಲಿ ಮೈಕು ಹೆಸರು ಬರೆದುಕೊಳ್ಳತೊಡಗಿದ. ಅವನದೇ ಹೆಸರು ಎಲ್ಲಿ ಎಂದು ನಮ್ಮವಳು ಕೇಳಿದಾಗ, ನಾಯಕರು ಕೊನೆಗೆ ಬರೆಯಬೇಕು ಎಂದನಂತೆ. ಅವಳು ಪೆನ್ನು ಕಿತ್ತುಕೊಂಡು ತಾನೇ ಬರೆದಳಂತೆ.

ಎಲ್ಲರೂ ಚದುರಿದ ಮೇಲೆ ಇನ್ನೊಬ್ಬನ ಉಸಿರು ಕೇಳಿಸಿತು.

"ಸಾಹೇಬ್ರೆ, ನಾನು ಚಹಾದವನು."

"ಹೇಳಪ್ಪ."

"ನಂಗೆ ಮೂರು ತಿಂಗಳಿಂದ ರಕ್ತ ಹೋಗ್ತಿದೆ. ಮೂಲವ್ಯಾಧಿ ಇರ್ಬೇಕು ಅಂತ ಸುಮ್ನಿದೀನಿ. ಹೆಂಡ್ತಿಗೂ ಹೇಳಿಲ್ಲ."

"ನಮ್ಮಕ್ಕನೂ ಹಾಗೇ ಅಂದ್ಕೊಂಡಿದ್ಲು ಕಣೋ. ಮೂಲವ್ಯಾಧಿನೇ ಇರಬಹುದು. ಆದ್ರೆ ಅದನ್ನ ಹೇಳ್ಬೇಕಾದೋರು ಡಾಕ್ಟ್ರು, ನೀನಲ್ಲ. ಇವತ್ತು ಹೆಂಡ್ತಿಗೆ ಹೇಳು. ನಾಳೆ ಬೆಳಿಗ್ಗೆ ನನ್ ಜೊತೆ ಬಾ."

"ಬರ್ತೀನಿ" ಎಂದ. ಆಮೇಲೆ ಹೋಗದೆ ಅಲ್ಲೇ ಬಾಗಿಲ ಪಕ್ಕ ಕುಳಿತಿದ್ದ. ನಾನು ಹೊರಗೆ ಬಂದಾಗ ಕೈಹಿಡಿದು ಆಟೋದವರೆಗೆ ನಡೆಸಿದ.

ಪರೀಕ್ಷೆಯ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ, ಅದೇ ನನಗೆ ಬೇಸರ. ಎರಡು ಸಲ ತಪ್ಪಿಸಿಕೊಳ್ಳುವಷ್ಟು ಹೆದರಿದ್ದಕ್ಕೆ ತಕ್ಕಂತೆ ಏನಾದರೂ ಆಗಬೇಡವೇ? ನರ್ಸಮ್ಮ ಕೈಗೆ ಸೂಜಿ ಚುಚ್ಚಿ ಎಡಕ್ಕೆ ಮಲಗಿ ಎಂದರು. ಮಲಗಿದೆ. ಎದ್ದೆ. ಮುಗಿದಿತ್ತು. ಡಾಕ್ಟರು ಬಂದು, "ಎರಡು ಗಂಟು ಸಿಕ್ತು. ಒಂದು ಮೆಣಸಿನ ಕಾಳಿನಷ್ಟು, ಇನ್ನೊಂದು ಕಡಲೆಯಷ್ಟು. ಎರಡನ್ನೂ ತೆಗೆದಿದೀವಿ. ಈಗ ಏನೂ ಕೆಟ್ಟದ್ದು ಕಾಣ್ತಿಲ್ಲ, ಆದ್ರೂ ಪರೀಕ್ಷೆಗೆ ಕಳಿಸ್ತೀವಿ. ಬಿಟ್ಟಿದ್ರೆ ಕೆಲವು ವರ್ಷದಲ್ಲಿ ಆ ದೊಡ್ಡದು ನಿಮ್ಮಕ್ಕನ ದಾರೀಲೇ ಹೋಗ್ತಿತ್ತೇನೋ. ಮೂರು ವರ್ಷ ಬಿಟ್ಟು ಬನ್ನಿ" ಎಂದರು. ಹೊರಗಿನ ಬೆಂಚಿನಲ್ಲಿ ಚಹಾದವನು ತನ್ನ ಹೆಂಡತಿಯ ಜೊತೆ ಸರದಿಗೆ ಕಾಯುತ್ತಿದ್ದ. ಅವನ ಪರೀಕ್ಷೆಗೆ ಮುಂದಿನ ವಾರವೇ ದಿನ ಕೊಟ್ಟರು, ರಕ್ತ ಹೋಗುತ್ತಿರುವವರನ್ನು ನಾಲ್ಕು ತಿಂಗಳು ಕಾಯಿಸುವುದಿಲ್ಲವಂತೆ.

ಆಸ್ಪತ್ರೆಯಿಂದ ನೇರ ಅಕ್ಕನ ಮನೆಗೆ ಹೋದೆವು. ಅಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ವರದಿಯನ್ನು ಎರಡು ಸಲ ಓದಿದಳು. ಓದಿ ಮುಗಿಸಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಚಿಕಿತ್ಸೆಯಿಂದ ಸೋತ ಕೈ, ಗುದ್ದಿಗೆ ಬಲವೇ ಇರಲಿಲ್ಲ. ನನಗೆ ಅಳು ಬಂತು.

"ಅಕ್ಕಾ, ಒಂದು ತಪ್ಪು ಮಾಡಿದೀನಿ" ಎಂದೆ. "ನಿನ್ನ ವಿಷಯ ಎಲ್ಲರಿಗೂ ಹೇಳಿಬಿಟ್ಟೆ. ರಕ್ತ ಹೋಗಿದ್ದು, ನೀನು ನಾಚ್ಕೊಂಡಿದ್ದು, ಎಲ್ಲಾ."

"ಎಲ್ಲರಿಗೂ ಅಂದ್ರೆ?"

"ನೂರಿಪ್ಪತ್ತು ಜನ."

ಅಕ್ಕ ಕಣ್ಣುಮುಚ್ಚಿದಳು. ಕುತ್ತಿಗೆಯಿಂದ ಕೆಂಪು ಏರಿ ಮುಖದವರೆಗೆ ಬಂತು. ನಮ್ಮವಳು ನನ್ನ ಕಾಲು ತುಳಿದಳು. ಇನ್ನು ಈ ಜನ್ಮದಲ್ಲಿ ಅಕ್ಕ ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ.

"ಅದರಲ್ಲಿ ಎಷ್ಟು ಜನ ಪರೀಕ್ಷೆ ಮಾಡಿಸ್ಕೋತೀವಿ ಅಂದ್ರು?" ಎಂದಳು ಕಣ್ಣು ತೆರೆದು.

"ಹದಿನೇಳು ಜನ ಹೆಸರು ಬರೆಸಿದ್ರು."

"ಹೆಂಗಸರೆಷ್ಟು?"

"ಒಬ್ಬರೂ ಇಲ್ಲ ಅಕ್ಕ. ಟಿಕೆಟ್ ಕೌಂಟರಿನ ಹೆಂಗಸರೆಲ್ಲ ದೂರ ನಿಂತು ಕೇಳಿಸ್ಕೊಂಡು ಹೋಗಿಬಿಟ್ರು."

"ಹೋಗ್ತಾರೆ. ನಾನಾಗಿದ್ರೂ ಹಾಗೇ ಹೋಗ್ತಿದ್ದೆ." ಅಕ್ಕ ವರದಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. "ಅವರು ಊಟಕ್ಕೆ ಏಳೋದು ಎಷ್ಟು ಗಂಟೆಗೆ?"

"ಒಂದೂವರೆಗೆ. ಯಾಕೆ?"

"ನಾಳೆ ಒಂದು ಗಂಟೆಗೆ ಬಂದು ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಗಂಡಸರನ್ನ ಒಬ್ಬರನ್ನೂ ಹತ್ರ ಬಿಡಬೇಡ. ನಾನು ಮಾತಾಡ್ತೀನಿ ಅವರ ಜೊತೆ."

ನಾನು ಏನೋ ಹೇಳಹೊರಟೆ, ನಮ್ಮವಳು ಮತ್ತೆ ಕಾಲು ತುಳಿದಳು. ಅಷ್ಟರಲ್ಲಿ ಅಕ್ಕ ಮಂಚದಿಂದ ಕಾಲು ಇಳಿಬಿಟ್ಟು, ಎಷ್ಟೋ ತಿಂಗಳಿಂದ ಹಾಕಿಕೊಳ್ಳದ ಚಪ್ಪಲಿಗಾಗಿ ನೆಲ ತಡವುತ್ತಿದ್ದಳು. ಮಾರನೆಯ ದಿನದ ಒಂದು ಗಂಟೆಗೆ ಇನ್ನೂ ಇಪ್ಪತ್ತೆರಡು ಗಂಟೆ ಬಾಕಿ ಇತ್ತು.